ಸಂಕ್ರಾಂತಿಯ ಸಂಜೆ ಒಂದೇ ಗೆರೆ: ಮನೆಯ ಗೇಮ್ ಮಷೀನಿನ ರಿಪೇರಿ ದಿನಚರಿ

ರಾಜಾಜಿನಗರದ ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಒಂದು ಗೇಮ್ ಮಷೀನ್ ಇದೆ. ಹಳೇ ಕಾಲದ ವಿಡಿಯೊ ಗೇಮ್ ಅಂಗಡಿಗಳಲ್ಲಿ ನಿಂತುಕೊಂಡು ಆಡ್ತಿದ್ದೆವಲ್ಲ, ಅದೇ ಮರದ ಪೆಟ್ಟಿಗೆ. 2022ರಲ್ಲಿ ಶ್ರೀರಾಂಪುರದ ಒಂದು ಗೋಡೌನಿನಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. 14,000 ರೂಪಾಯಿ ಕೊಟ್ಟು, ಟೆಂಪೋದಲ್ಲಿ ಹಾಕಿಸಿಕೊಂಡು ತಂದೆ. ಒಳಗೆ 21 ಇಂಚಿನ ಪಿಕ್ಚರ್ ಟ್ಯೂಬ್ ಇದೆ. ಅದನ್ನು ನಡೆಸುವುದು ನಮ್ಮ ಟಿವಿ ಮೆಕ್ಯಾನಿಕ್‌ಗಳು ‘ಚೈನಾ ಕಿಟ್’ ಅನ್ನುವ ಬೋರ್ಡು. ಕೆಂಪು, ಹಸಿರು, ನೀಲಿ ಸಿಗ್ನಲ್ ನೇರವಾಗಿ ಕೊಡೋ ಹಾಗೆ ಯಾರೋ ಮೊದಲೇ ಅದಕ್ಕೆ ವೈರಿಂಗ್ ಮಾಡಿದ್ದರು. ಗೇಮ್ ಬೋರ್ಡ್ ಮಾತ್ರ ನಾನು ಹಾಕಿದ ಹೊಸದು. ಜಮ್ಮಾ ಕನೆಕ್ಟರ್‌ಗೆ (ಇಂಥ ಮಷೀನುಗಳಲ್ಲಿ ಗೇಮ್ ಬೋರ್ಡ್ ಸೇರಿಸುವ ಸಾಮಾನ್ಯ ಪ್ಲಗ್) ಕೂರುವ ಮಲ್ಟಿಗೇಮ್ ಬೋರ್ಡ್.

‘ಎಲ್‌ಸಿಡಿ ಹಾಕಿಬಿಡಬಾರದಾ?’ ಅಂತ ತುಂಬಾ ಜನ ಕೇಳಿದ್ದಾರೆ. ಹಾಕಬಹುದು. ಆದರೆ ನಾವೆಲ್ಲ ‘ಮುಸ್ತಫಾ’ ಅಂತ ಕರೀತಿದ್ದ 1993ರ ಕ್ಯಾಪ್‌ಕಾಮ್ ಆಟದ ಚಿತ್ರದಲ್ಲಿ ಇರುವುದು 224 ಗೆರೆ. ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುವ ಟ್ಯೂಬ್‌ಗೆ ಅಂತಲೇ ಬಿಡಿಸಿದ ಚಿತ್ರ ಅದು. ಟ್ಯೂಬಿನ ಮೇಲೆ ಗೆರೆ ಗೆರೆಯ ನಡುವೆ ಸಣ್ಣ ಕಪ್ಪು ಉಳಿಯುತ್ತೆ, ಬಣ್ಣ ಒಂದಕ್ಕೊಂದು ಮೆತ್ತಗೆ ಸೇರಿಕೊಳ್ಳುತ್ತೆ. ಎಲ್‌ಸಿಡಿಯಲ್ಲಿ ಅದೇ ಚಿತ್ರ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತೆ. ಒಂದು ರೂಪಾಯಿ ಕಾಯಿನ್ ಹಾಕಿ ಆಡಿದ ಆಟ ನನ್ನ ಮಗಳಿಗೂ ಹಾಗೇ ಕಾಣಬೇಕು ಅಂತ ನನಗೆ ಆಸೆ. ಅದಕ್ಕೇ ಈ ಟ್ಯೂಬ್ ಉಳಿಸಿಕೊಳ್ಳೋಕೆ ಇಷ್ಟು ಒದ್ದಾಡಿದ್ದು.

ಇದು 2025ರ ಜನವರಿ, ಫೆಬ್ರವರಿಯಲ್ಲಿ ನಡೆದದ್ದು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದನ್ನು ತಾರೀಕಿನ ಪ್ರಕಾರ ಇಲ್ಲಿ ಹಾಕುತ್ತಿದ್ದೇನೆ. ಮಾಡಿದ ತಪ್ಪುಗಳನ್ನೂ ಬಿಟ್ಟಿಲ್ಲ.

ಜನವರಿ 14, ಮಂಗಳವಾರ, ರಾತ್ರಿ

ಸಂಕ್ರಾಂತಿ. ಎಳ್ಳು ಬೀರೋಕೆ ಬಂದ ಮಕ್ಕಳು ಐದು ಜನ ಮಷೀನ್ ಮುಂದೆ ಸೇರಿದ್ದರು. ಎಂಟು ಗಂಟೆ ಸುಮಾರಿಗೆ ಚಿತ್ರ ಒಂದು ಸಲ ಮೇಲೆ ಕೆಳಗೆ ಮುದುಡಿತು, ಮತ್ತೆ ಸರಿಯಾಯಿತು. ಎರಡನೇ ಸಲ ಮುದುಡಿದ್ದು ವಾಪಸ್ ಬರಲಿಲ್ಲ. ಪರದೆಯ ನಡುವೆ ಎಡದಿಂದ ಬಲಕ್ಕೆ ಒಂದೇ ಒಂದು ಬಿಳಿ ಗೆರೆ. ಕಣ್ಣು ಕುಕ್ಕುವಷ್ಟು ಬೆಳಕು. ಆಟದ ಸದ್ದು ಮಾತ್ರ ಬರ್ತಾನೇ ಇತ್ತು.

ಇಲ್ಲಿ ಮೊದಲನೇ ತಪ್ಪು ಮಾಡಿದೆ. ಆಫ್ ಮಾಡದೆ, ಕ್ಯಾಬಿನೆಟ್ ಹಿಂದಿನ ಬಾಗಿಲು ತೆಗೆದು, ವೈರು ಅಲ್ಲಾಡಿಸಿ, ಕಾಯಿನ್ ಬಟನ್ ಒತ್ತಿ ನೋಡುತ್ತಾ ಕೂತೆ. ಹೀಗೆ ಐದಾರು ನಿಮಿಷ ಹೋಯಿತು. ಆಮೇಲೆ ವಿಜಯನಗರದಲ್ಲಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. ಅವರು ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವರು.

‘ಮಾವ, ಸ್ಕ್ರೀನ್ ಮೇಲೆ ಒಂದೇ ಗೆರೆ ಬರ್ತಿದೆ.’

‘ಅಡ್ಡಗೆರೆಯೋ, ಉದ್ದಗೆರೆಯೋ?’

‘ಅಡ್ಡ.’

‘ಇನ್ನೂ ಆನ್ ಇದ್ಯಾ? ಮೊದಲು ಆಫ್ ಮಾಡೋ! ಟ್ಯೂಬ್ ಸುಟ್ಟು ಹೋಗುತ್ತೆ.’

ಇಡೀ ಪರದೆಗೆ ಹರಡಬೇಕಾದ ಎಲೆಕ್ಟ್ರಾನ್ ಎಲ್ಲ ಒಂದೇ ಗೆರೆಯ ಮೇಲೆ ಬೀಳುತ್ತಿರುತ್ತೆ. ಅಲ್ಲಿನ ಫಾಸ್ಫರ್ ಪುಡಿ ಬೇಗ ಸುಡುತ್ತೆ. ಪರೀಕ್ಷೆಗೆ ಆನ್ ಮಾಡಲೇಬೇಕು ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರ್ ಮೇಲಿರುವ ಎರಡು ತಿರುಪುಗಳಲ್ಲಿ ‘ಸ್ಕ್ರೀನ್’ ಅನ್ನುವುದನ್ನು ಕಮ್ಮಿ ಮಾಡಿ, ಗೆರೆ ಮಸುಕಾಗಿ ಕಾಣುವಷ್ಟು ಮಾತ್ರ ಇಟ್ಟುಕೊಳ್ಳಬೇಕು. ಇನ್ನೊಂದು ತಿರುಪು ‘ಫೋಕಸ್’. ಅದನ್ನು ಮುಟ್ಟಬಾರದು. ಸ್ಕ್ರೀನ್ ತಿರುಪು ಮೊದಲು ಎಲ್ಲಿತ್ತು ಅಂತ ಮಾರ್ಕರಿನಲ್ಲಿ ಗುರುತು ಹಾಕಿದೆ.

ಜನವರಿ 15, ಬುಧವಾರ

ಆಫೀಸಿನಿಂದ ಬಂದು ಎರಡು ಗಂಟೆ ಕೆಲಸ. ಅಡ್ಡಗೆರೆ ಬಂತು ಅಂದರೆ ಪವರ್ ಇದೆ, ಹೈ ವೋಲ್ಟೇಜ್ ಇದೆ, ಎಡ-ಬಲ ಎಳೆಯುವ ಭಾಗ ಸರಿ ಇದೆ, ಮೇಲೆ-ಕೆಳಗೆ ಎಳೆಯುವ ವರ್ಟಿಕಲ್ ಭಾಗ ಮಾತ್ರ ನಿಂತಿದೆ ಅಂತ ಮಾವ ಬಿಡಿಸಿ ಹೇಳಿದ್ದರು. ಆದರೂ ನನಗೆ ಗೇಮ್ ಬೋರ್ಡ್ ಮೇಲೇ ಅನುಮಾನ. ಅದು ನಾನು ಹಾಕಿದ್ದು, ಅಗ್ಗದ್ದು, ಅಲ್ವಾ.

ಜಮ್ಮಾ ಕನೆಕ್ಟರ್‌ನಲ್ಲಿ 5 ವೋಲ್ಟ್ ಅಳೆದೆ. 4.71 ಇತ್ತು. ಪವರ್ ಸಪ್ಲೈ ಮೇಲೆ 4.98 ಇದ್ದದ್ದು ತೆಳ್ಳಗಿನ ವೈರಿನಲ್ಲಿ ಅಷ್ಟು ಇಳಿದಿತ್ತು. ಸಪ್ಲೈನ ಸಣ್ಣ ಹಳದಿ ತಿರುಪು ತಿರುಗಿಸಿ ಬೋರ್ಡಿನ ಹತ್ತಿರ 5.05ಕ್ಕೆ ತಂದೆ. ಗೆರೆ ಗೆರೆಯಾಗೇ ಇತ್ತು.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಗೇಮ್ ಬೋರ್ಡಿನಲ್ಲಿ ವಿಜಿಎ ಸಾಕೆಟ್ ಕೂಡ ಇದೆ. ಮನೆಯಲ್ಲಿದ್ದ ಹಳೆ ಎಲ್‌ಸಿಡಿ ಮಾನಿಟರ್ ಸಿಕ್ಕಿಸಿ, ಬೋರ್ಡಿನ ಡಿಪ್ ಸ್ವಿಚ್ (ಸೆಟ್ಟಿಂಗ್ ಬದಲಿಸುವ ಸಣ್ಣ ಸ್ವಿಚ್) ಅನ್ನು 31 ಕಿಲೋಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 31 ಸಾವಿರ ಗೆರೆಗೆ, ಹಾಕಿದೆ. ಚಿತ್ರ ಪೂರ್ತಿ, ಚೆನ್ನಾಗಿ ಬಂತು. ಬೋರ್ಡಿನದು ಏನೂ ತಪ್ಪಿಲ್ಲ. ಹತ್ತು ನಿಮಿಷದ ಕೆಲಸ. ನಿಮ್ಮ ಮಷೀನ್‌ನಲ್ಲಿ ಚಿತ್ರ ಕೆಟ್ಟರೆ ಇದನ್ನೇ ಮೊದಲು ಮಾಡಿ.

ಎರಡನೇ ತಪ್ಪು: ಡಿಪ್ ಸ್ವಿಚ್ ವಾಪಸ್ 15ಕ್ಕೆ ಹಾಕೋದನ್ನು ಮರೆತು ಟ್ಯೂಬ್ ಆನ್ ಮಾಡಿದೆ. ಕೀಚಲು ಶಬ್ದ ಬಂತು. ಮೂರು ಸೆಕೆಂಡಿನಲ್ಲಿ ಪ್ಲಗ್ ಕಿತ್ತೆ. 15 ಕಿಲೋಹರ್ಟ್ಸ್ ಟ್ಯೂಬ್ ಬೋರ್ಡಿಗೆ 31 ಕೊಟ್ಟು ಹಾಗೇ ಬಿಟ್ಟರೆ ಹಾರಿಜಾಂಟಲ್ ಟ್ರಾನ್ಸಿಸ್ಟರ್ ಹೋಗಬಹುದು. ಆಗ ರಿಪೇರಿ ಇನ್ನೂ ದೊಡ್ಡದಾಗುತ್ತಿತ್ತು. ಆ ಸ್ವಿಚ್ ಮೇಲೆ ಈಗ ಕೆಂಪು ಟೇಪ್ ಅಂಟಿಸಿದ್ದೇನೆ.

ಜನವರಿ 16, ಗುರುವಾರ

ಚಾಸಿ, ಅಂದರೆ ಟ್ಯೂಬ್ ನಡೆಸುವ ಬೋರ್ಡ್, ಬಿಚ್ಚುವ ದಿನ. ಇದು ಅಪಾಯದ ಕೆಲಸ. ಮಾಡಿದ್ದನ್ನು ಮಾಡಿದ ಹಾಗೇ ಬರೀತೀನಿ.

ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟೆ. ಉದ್ದನೆ ಚಪ್ಪಟೆ ಸ್ಕ್ರೂಡ್ರೈವರ್‌ಗೆ ಒಂದು ವೈರ್ ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನಿಗೆ ಅಪ್ಪಿಕೊಂಡಿರುವ ಹೆಣೆದ ತಾಮ್ರದ ಅರ್ಥಿಂಗ್ ವೈರಿಗೆ ಕ್ಲಿಪ್ ಮಾಡಿದೆ. ಒಂದು ಕೈ ಬೆನ್ನ ಹಿಂದೆ. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಟ್ಯೂಬಿಗೆ ಹೈ ವೋಲ್ಟೇಜ್ ವೈರ್ ಸೇರುವ ಕಡೆ ಇರುವ ರಬ್ಬರ್ ಬಟ್ಟಲಿನ ಕೆಳಗೆ ತೂರಿಸಿದೆ. ‘ಟಪ್’ ಅಂತು. ಆ ಜಾಗದಲ್ಲಿ ಓಡುವಾಗ 20,000 ವೋಲ್ಟಿಗೂ ಜಾಸ್ತಿ ಇರುತ್ತೆ, ಆಫ್ ಮಾಡಿದ ಮೇಲೂ ಸ್ವಲ್ಪ ಉಳಿದಿರುತ್ತೆ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿದೆ. ಎರಡನೇ ಸಲವೂ ಸಣ್ಣಗೆ ‘ಟಪ್’ ಅಂತು! ಒಂದು ಸಲ ಸಾಕು ಅಂದುಕೊಳ್ಳಬೇಡಿ. ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್‌ನಲ್ಲಿ (ಚಾರ್ಜ್ ತುಂಬಿಟ್ಟುಕೊಳ್ಳುವ ಬಿಡಿಭಾಗ) 320 ವೋಲ್ಟ್ ತನಕ ಇರುತ್ತೆ. ಅದನ್ನು 60 ವ್ಯಾಟ್ ಬಲ್ಬಿನ ಎರಡು ವೈರು ಮುಟ್ಟಿಸಿ ಖಾಲಿ ಮಾಡಿದೆ.

ಟ್ಯೂಬಿನ ಕತ್ತಿನ ಮೇಲಿದ್ದು ಕಿರಣವನ್ನು ಆಚೀಚೆ ಎಳೆಯುವ ಯೋಕ್ ಕಾಯಿಲ್ ಮೊದಲು ಅಳೆದೆ. ಪ್ಲಗ್ ತೆಗೆದು ಮೀಟರ್ ಇಟ್ಟರೆ ವರ್ಟಿಕಲ್ ಸುರುಳಿ 12.4 ಓಮ್, ಹಾರಿಜಾಂಟಲ್ ಸುರುಳಿ 2.3 ಓಮ್. ಎರಡೂ ಕಡಿದಿಲ್ಲ. ಸಮಾಧಾನ ಆಯಿತು. ಯೋಕ್ ಹೋಗಿದ್ದರೆ ಹೊಂದುವಂಥದ್ದು ಹುಡುಕುವುದು ಬಲು ಕಷ್ಟ.

ಮುಂದಿನದು ವರ್ಟಿಕಲ್ ಐಸಿ, ಚಿತ್ರವನ್ನು ಮೇಲೆ-ಕೆಳಗೆ ಎಳೆಯುವ ಚಿಪ್. ಈ ಕಿಟ್‌ನಲ್ಲಿ ಇರುವುದು ಎಲ್‌ಎ 78040, ಏಳು ಕಾಲಿನದು, ಬಿಸಿ ಹೀರಿಕೊಳ್ಳುವ ಅಲ್ಯೂಮಿನಿಯಂ ಹೀಟ್ ಸಿಂಕಿಗೆ ಒರಗಿಕೊಂಡು ನಿಂತಿರುತ್ತೆ. ಬೋರ್ಡ್ ತಿರುಗಿಸಿ, ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ಬೆಸುಗೆ ನೋಡಿದೆ. ಐದನೇ ಕಾಲಿನ ಸುತ್ತ ಕಾಲುಂಗುರ ತೊಡಿಸಿದ ಹಾಗೆ ಒಂದು ಕಪ್ಪು ಬಳೆ. ಕೂದಲಿಗಿಂತ ಸಣ್ಣ ಬಿರುಕು, ಆದರೆ ಪೂರ್ತಿ ಸುತ್ತು ಬಂದಿತ್ತು. ಇಕ್ಕಳದಲ್ಲಿ ಮೆಲ್ಲಗೆ ಅಲ್ಲಾಡಿಸಿದರೆ ಸೀಸ ನಿಂತಲ್ಲೇ ಇದೆ, ಒಳಗಿನ ಕಾಲು ಮಾತ್ರ ಆಡುತ್ತೆ. ಇದೇ ಡ್ರೈ ಸೋಲ್ಡರ್. ಐಸಿ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಹೀಗಾಗುತ್ತೆ. ಐದನೇ ಕಾಲು ಯೋಕಿಗೆ ಹೋಗುವ ಔಟ್‌ಪುಟ್. ಅದು ಬಿಟ್ಟರೆ ಗೆರೆ ಬರಲೇಬೇಕು.

ಏಳೂ ಕಾಲಿನ ಹಳೆ ಸೀಸ ಪಂಪಿನಲ್ಲಿ ಎಳೆದು, ಬೆಸುಗೆ ಪೇಸ್ಟ್ ಹಚ್ಚಿ, ಹೊಸ ಸೀಸ ಹಾಕಿದೆ. ಯೋಕ್ ಸಾಕೆಟ್ಟಿನ ಕಾಲುಗಳಿಗೂ ಹಾಕಿದೆ. ಮಾವ ಹೇಳಿದಂತೆ 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಿಗೆ (ಕರೆಂಟ್ ಬಲ್ಬಿನ ಮೂಲಕವೇ ಹಾದು ಬರುವ ಬೋರ್ಡ್) ಸಿಕ್ಕಿಸಿ ಆನ್ ಮಾಡಿದೆ. ಬಲ್ಬ್ ಒಂದು ಸಲ ಜೋರಾಗಿ ಹೊತ್ತಿ ಮಸುಕಾಯಿತು. ಶಾರ್ಟ್ ಇಲ್ಲ. ಆಮೇಲೆ ನೇರ ಕರೆಂಟಿಗೆ.

ಚಿತ್ರ ಬಂತು! ಆದರೆ ಪೂರ್ತಿ ಸರಿಯಾಗಿರಲಿಲ್ಲ. ಮೇಲಿನ ಎರಡು ಇಂಚು ಸೀರೆ ನೆರಿಗೆಯ ಹಾಗೆ ಮಡಚಿಕೊಂಡಿತ್ತು. ಸ್ಕೋರಿನ ಅಂಕಿಗಳು ತಲೆಕೆಳಗಾಗಿ ತಮ್ಮ ಕೆಳಗಿನ ಚಿತ್ರದ ಮೇಲೇ ಬಿದ್ದಿದ್ದವು. ಆ ಜಾಗದಲ್ಲಿ ಓರೆಯಾಗಿ ಏಳೆಂಟು ತೆಳ್ಳನೆ ಬಿಳಿ ಗೆರೆ. ಕಾಲು ಗಂಟೆ ಓಡಿದ ಮೇಲೆ ಮಡಿಕೆ ಒಂದು ಇಂಚಿಗೆ ಇಳಿಯಿತು. ನೋಟ್‌ಬುಕ್ಕಿನಲ್ಲಿ ‘ಬಿಸಿಯಾದರೆ ಕಮ್ಮಿ’ ಅಂತ ಬರೆದುಕೊಂಡೆ. ಈ ಮೂರು... ಅಲ್ಲ, ಈ ಎರಡೇ ಮಾತಿನಲ್ಲಿ ಉತ್ತರ ಇತ್ತು. ಬರೆದದ್ದನ್ನು ಯೋಚಿಸದೆ ಮುಂದೆ ಹೋದೆ.

ಜನವರಿ 18, ಶನಿವಾರ

ಚಿತ್ರ ಮಡಚುತ್ತಿದೆ, ಅಂದರೆ ಐಸಿ ದುರ್ಬಲ ಆಗಿದೆ ಅಂತ ನಾನೇ ತೀರ್ಮಾನ ಮಾಡಿದೆ. ಇದು ಮೂರನೇ ತಪ್ಪು, ಎಲ್ಲಕ್ಕಿಂತ ದೊಡ್ಡದು. ಮಾವನನ್ನು ಕೇಳಲಿಲ್ಲ, ಏನೂ ಅಳೆಯಲಿಲ್ಲ.

ಗ್ರೀನ್ ಲೈನ್ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ನಡೆದು ಎಸ್.ಪಿ. ರಸ್ತೆ ಸೇರಿದೆ. ಟಿವಿ ಬಿಡಿಭಾಗ ಮಾರುವ ಅಂಗಡಿಗಳು ಮೊದಲಿನಷ್ಟಿಲ್ಲ. ಎಲ್ಲಿ ನೋಡಿದರೂ ಸಿಸಿಟಿವಿ, ಲ್ಯಾಪ್‌ಟಾಪ್, ಮೊಬೈಲ್. ಒಂದು ಅಂಗಡಿಯಲ್ಲಿ ಈ ಐಸಿಗೆ 120 ರೂಪಾಯಿ ಹೇಳಿದರು. ನಾಲ್ಕು ಹೆಜ್ಜೆ ಆಚೆ 45. ಎರಡೂ ಕಡೆ ಐಸಿ ಮೇಲೆ ಅದೇ ನಂಬರು. 45ರದ್ದು ತಂದೆ. ಸೀಸ ಹೀರುವ ತಾಮ್ರದ ಜಾಳಿಗೆ 60 ರೂಪಾಯಿ ಕೊಟ್ಟೆ.

ಮಧ್ಯಾಹ್ನ ಊಟ ಮುಗಿಸಿ ಹಳೆ ಐಸಿ ತೆಗೆದೆ. ಪುಣ್ಯಕ್ಕೆ ಎಸೆಯಲಿಲ್ಲ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ. ಹೊಸದನ್ನು ಕೂರಿಸಿದೆ. ಮನೆಯಲ್ಲಿ ಹೀಟ್ ಸಿಂಕ್ ಪೇಸ್ಟ್ ಇರಲಿಲ್ಲ. ‘ಪರೀಕ್ಷೆಗೆ ತಾನೇ’ ಅಂತ ಹಾಗೇ ಸ್ಕ್ರೂ ಬಿಗಿದೆ. ಆನ್ ಮಾಡಿದರೆ ಮಡಿಕೆ ಹಾಗೇ ಇದೆ. ಒಂದು ಚೂರೂ ಬದಲಾಗಿಲ್ಲ. ಬಿಸಿಯಾದ ಮೇಲೆ ಸರಿಹೋಗಬಹುದು ಅಂತ ಕಾದೆ. ಇಪ್ಪತ್ತೈದನೇ ನಿಮಿಷಕ್ಕೆ ಸಣ್ಣ ಸುಟ್ಟ ವಾಸನೆ, ಮತ್ತೆ ಅಡ್ಡಗೆರೆ. ಈ ಸಲ ತಕ್ಷಣ ಆಫ್ ಮಾಡಿದೆ.

ಅಳೆದರೆ ಐಸಿಯ ಎರಡನೇ ಕಾಲಿಗೂ ನಾಲ್ಕನೇ ಕಾಲಿಗೂ ಶಾರ್ಟ್. ಅಂದರೆ ಸಪ್ಲೈ ನೇರ ಗ್ರೌಂಡಿಗೆ. ಆ ಲೈನಿನಲ್ಲಿದ್ದ 1 ಓಮ್ ಫ್ಯೂಸಿಬಲ್ ರೆಸಿಸ್ಟರ್ ತಾನು ಸುಟ್ಟು ಇ.ಎಚ್.ಟಿ. ಟ್ರಾನ್ಸ್‌ಫಾರ್ಮರನ್ನು ಉಳಿಸಿತ್ತು. ಹತ್ತಿಗೆ ಥಿನ್ನರ್ ಅದ್ದಿ ಐಸಿಯ ಮುಖ ಒರೆಸಿದೆ. ನಂಬರು ಹತ್ತಿಗೆ ಬಂತು. ಅದರ ಕೆಳಗೆ ಉಜ್ಜಿ ಅಳಿಸಿದ ಬೇರೆ ಗುರುತು. ಹಳೆಯದನ್ನೂ ಒರೆಸಿದೆ. ಅದರ ಅಕ್ಷರ ಅಲ್ಲಾಡಲಿಲ್ಲ, ಅದು ಪ್ಲಾಸ್ಟಿಕ್ಕಿನೊಳಗೆ ಕೊರೆದದ್ದು. ಬೆನ್ನಿನ ತಗಡೂ ಹಳೆಯದರದ್ದು ದಪ್ಪ. ಪಕ್ಕ ಪಕ್ಕ ಇಟ್ಟರೆ ಬರಿಗಣ್ಣಿಗೇ ಗೊತ್ತಾಗುತ್ತೆ. ನಕಲಿ ಐಸಿ, ಜೊತೆಗೆ ಪೇಸ್ಟ್ ಇಲ್ಲದ ಹೀಟ್ ಸಿಂಕ್. ಉಳಿಯುವ ದಾರಿಯೇ ಇರಲಿಲ್ಲ.

ಜನವರಿ 19, ಭಾನುವಾರ

ಬೆಳಗ್ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮಾವ ಬೈಯಲಿಲ್ಲ. ‘ಹಳೆ ಐಸಿ ಇದ್ಯಾ?’ ಅಂತ ಮಾತ್ರ ಕೇಳಿದರು. ಹನ್ನೊಂದು ಗಂಟೆಗೆ ಬಿಸ್ಕತ್ ಡಬ್ಬದ ತುಂಬ ಬಿಡಿಭಾಗ ತಗೊಂಡು ಮನೆಗೇ ಬಂದರು. ಎಪ್ಪತ್ತು ದಾಟಿದೆ. ಅಂಗಡಿ ಮುಚ್ಚಿ ವರ್ಷಗಳಾಗಿವೆ. ಕಾಫಿ ಕುಡಿಯೋ ಮೊದಲೇ ಚಾಸಿ ಮುಂದೆ ಕೂತರು.

ಗುರುವಾರ ಮೊಬೈಲಿನಲ್ಲಿ ತೆಗೆದಿದ್ದ ಮಡಿಕೆಯ ಫೋಟೋ ತೋರಿಸಿದೆ.

‘ಆನ್ ಮಾಡಿದ ಕೂಡಲೇ ಜಾಸ್ತಿ ಇತ್ತಾ, ಆಮೇಲೆ ಜಾಸ್ತಿ ಆಯ್ತಾ?’

‘ಮೊದಲು ಜಾಸ್ತಿ. ಬಿಸಿಯಾದ ಮೇಲೆ ಕಮ್ಮಿ ಆಯ್ತು ಮಾವ.’

‘ಹಾಗಾದ್ರೆ ಐಸಿ ಯಾಕಪ್ಪ ತೆಗೆದೆ? ಕಂಡೆನ್ಸರ್ ಅದು.’

ಐಸಿಯ ಮೂರನೇ ಮತ್ತು ಆರನೇ ಕಾಲಿನ ನಡುವೆ ಇರುವ 100 ಮೈಕ್ರೋಫ್ಯಾರಡ್, 35 ವೋಲ್ಟ್ ಕೆಪಾಸಿಟರ್ ಮೇಲೆ ಬೆರಳಿಟ್ಟರು. ಮಾವ ಕಂಡೆನ್ಸರ್ ಅನ್ನೋದು ಇದಕ್ಕೇ. ಹೀಟ್ ಸಿಂಕಿನಿಂದ ಅದಕ್ಕೆ ಒಂದು ಸೆಂಟಿಮೀಟರ್ ದೂರವೂ ಇಲ್ಲ. ನಾನು ಗುರುವಾರ ಅದನ್ನು ನೋಡಿದ್ದೆ. ತಲೆ ಉಬ್ಬಿಲ್ಲ, ಸೋರಿಲ್ಲ ಅಂತ ಬಿಟ್ಟಿದ್ದೆ. ತೆಗೆದು ಮೀಟರಿಗೆ ಹಾಕಿದರೆ 9 ಮೈಕ್ರೋಫ್ಯಾರಡ್ ತೋರಿಸಿತು. ನೂರು ಇರಬೇಕಾದ ಕಡೆ ಒಂಬತ್ತು! ಮೇಲೆ ಬರೆದದ್ದು 85 ಡಿಗ್ರಿ. ವರ್ಷಗಟ್ಟಲೆ ಬಿಸಿ ತಿಂದು ಒಳಗೆ ಒಣಗಿಹೋಗಿತ್ತು. ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಜಾಸ್ತಿ ಕೆಡುತ್ತೆ, ಬಿಸಿಯಾದಾಗ ಸ್ವಲ್ಪ ಚೇತರಿಸಿಕೊಳ್ಳುತ್ತೆ. ನಾನು ಬರೆದಿಟ್ಟ ‘ಬಿಸಿಯಾದರೆ ಕಮ್ಮಿ’ ಹೇಳುತ್ತಿದ್ದದ್ದು ಇದನ್ನೇ.

ಅದರ ಕೆಲಸ ಮಾವ ಹೇಳಿದ್ದು ಹೀಗೆ. ಚಿತ್ರ ಮೇಲಿನಿಂದ ಕೆಳಗೆ ನಿಧಾನಕ್ಕೆ ಇಳಿಯುತ್ತೆ. ಕೆಳಗೆ ಮುಟ್ಟಿದ ಮೇಲೆ ಕಿರಣ ಒಂದೇ ನೆಗೆತಕ್ಕೆ ಮೇಲೆ ಹೋಗಬೇಕು, ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಅಷ್ಟು ಬೇಗ ಎಳೆಯೋಕೆ ಐಸಿಗೆ ಬರುವ 25 ವೋಲ್ಟ್ ಸಾಲದು. ಅದಕ್ಕೆ ಈ ಕೆಪಾಸಿಟರ್ ಇಳಿಯುವ ಹೊತ್ತಿನಲ್ಲಿ ಚಾರ್ಜ್ ತುಂಬಿಕೊಂಡು, ನೆಗೆಯುವ ಹೊತ್ತಿಗೆ ತನ್ನದನ್ನೂ ಸೇರಿಸಿ ಸುಮಾರು 50 ವೋಲ್ಟ್ ಮಾಡಿಕೊಡುತ್ತೆ. ಅದಕ್ಕೆ ಶಕ್ತಿ ಇಲ್ಲದಿದ್ದರೆ ಕಿರಣ ಮೇಲೆ ತಲುಪೋ ಮೊದಲೇ ಮುಂದಿನ ಚಿತ್ರ ಶುರುವಾಗುತ್ತೆ. ಇನ್ನೂ ಹತ್ತುತ್ತಾ ಇರುವಾಗಲೇ ಸ್ಕೋರ್ ಬರೆದರೆ ಅಂಕಿ ತಲೆಕೆಳಗಾಗಿಯೇ ಬೀಳುತ್ತೆ. ಮಡಿಕೆ ಅಂದರೆ ಇಷ್ಟೇ.

ಡಬ್ಬದಿಂದ 100 ಮೈಕ್ರೋಫ್ಯಾರಡ್, 50 ವೋಲ್ಟ್, 105 ಡಿಗ್ರಿಯ ಹೊಸ ಕೆಪಾಸಿಟರ್ ತೆಗೆದರು. ಪ್ಲಸ್ ಆರನೇ ಕಾಲಿನ ಕಡೆ. ಕಾಲು ಸ್ವಲ್ಪ ಉದ್ದ ಬಿಟ್ಟು, ಹೀಟ್ ಸಿಂಕಿನಿಂದ ಆಚೆಗೆ ವಾಲಿಸಿ ಬೆಸುಗೆ ಹಾಕಿದರು. ಡಬ್ಬದಲ್ಲೇ 1 ಓಮ್ ಫ್ಯೂಸಿಬಲ್ ರೆಸಿಸ್ಟರ್ ಸಿಕ್ಕಿತು. ಆಮೇಲೆ ನನ್ನ ಕವರಿನಲ್ಲಿದ್ದ ಹಳೆ ಐಸಿಯನ್ನು ವಾಪಸ್ ಕೂರಿಸಿದರು. ಅದು ಸತ್ತಿರಲೇ ಇಲ್ಲ. ಒಳ್ಳೇ ಐಸಿ ಕಿತ್ತು ಕೆಟ್ಟದ್ದು ಹಾಕಿದವನು ನಾನೇ. ಪೇಸ್ಟ್ ಅವರ ಹತ್ತಿರವೂ ಮುಗಿದಿತ್ತು. ಪಕ್ಕದ ರಸ್ತೆಯ ಕಂಪ್ಯೂಟರ್ ಅಂಗಡಿ ತೆರೆದಿತ್ತು, ಓಡಿಹೋಗಿ 40 ರೂಪಾಯಿಗೆ ಒಂದು ಸಣ್ಣ ಟ್ಯೂಬ್ ತಂದೆ.

ಸೀರೀಸ್ ಬೋರ್ಡ್, ಆಮೇಲೆ ನೇರ. ಚಿತ್ರ ಮೇಲಿನ ಅಂಚಿನ ತನಕ ನೆಟ್ಟಗೆ ಬಂತು. ಎರಡನೇ ಕಾಲಿನಲ್ಲಿ 25.2 ವೋಲ್ಟ್. ಒಂದು ಗಂಟೆ ಓಡಿಸಿ, ಆಫ್ ಮಾಡಿ ಹೀಟ್ ಸಿಂಕ್ ಮುಟ್ಟಿದರೆ ಬೆರಳು ಇಡುವಷ್ಟೇ ಬಿಸಿ. ಮಾವ ಒಂದು ಆಟವೂ ಆಡಲಿಲ್ಲ. ಚಿತ್ರದ ಮೇಲಂಚನ್ನೇ ಸುಮ್ನೆ ನೋಡುತ್ತಾ ಕಾಫಿ ಕುಡಿದರು. ಅವರ ಮುಖದಲ್ಲಿದ್ದ ಸಂತೋಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಜನವರಿ 25 ಮತ್ತು 26

ಶನಿವಾರ ಮತ್ತೆ ಎಸ್.ಪಿ. ರಸ್ತೆ. 120 ರೂಪಾಯಿಯ ಐಸಿ ತಂದು, ಥಿನ್ನರ್ ಪರೀಕ್ಷೆ ಮಾಡಿ, ಸ್ಪೇರ್ ಅಂತ ತೆಗೆದಿಟ್ಟೆ. ವರ್ಟಿಕಲ್ ಭಾಗದಲ್ಲಿ ಉಳಿದ ಐದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ತಂದೆ, ಎಲ್ಲ 105 ಡಿಗ್ರಿಯವು, ಸೇರಿ 42 ರೂಪಾಯಿ. ಒಂದೊಂದಾಗಿ ಬದಲಾಯಿಸಿದೆ. ಒಂದು ಹಾಕಿ, ಆನ್ ಮಾಡಿ ನೋಡಿ, ಆಮೇಲೆ ಇನ್ನೊಂದು. ಐದನ್ನೂ ಒಟ್ಟಿಗೆ ಬದಲಿಸಿ ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಗೊತ್ತಾಗೋದಿಲ್ಲ. ತೆಗೆದ ಐದರಲ್ಲಿ ನಾಲ್ಕು ಚೆನ್ನಾಗೇ ಇದ್ದವು. ಯೋಕಿನ ಸಾಲಿನಲ್ಲಿರುವ 1000 ಮೈಕ್ರೋಫ್ಯಾರಡ್‌ನದ್ದು 640ಕ್ಕೆ ಇಳಿದಿತ್ತು.

ಭಾನುವಾರ ಎಲ್ಲ ಕ್ಯಾಬಿನೆಟ್ಟಿಗೆ ವಾಪಸ್ ಕೂರಿಸಿದೆ. ಆನ್ ಮಾಡಿದರೆ ಎರಡು ಹೊಸ ತೊಂದರೆ.

ಒಂದು, ಇಡೀ ಚಿತ್ರ ಸಣ್ಣಗೆ ನಡುಗುತ್ತಿತ್ತು, ಚಳಿ ಹಿಡಿದ ಹಾಗೆ. ಎರಡು, ಕೆಳಗಿನ ಎಡ ಮೂಲೆಯಲ್ಲಿ ಅಂಗೈಯಗಲ ನೇರಳೆ ಕಲೆ.

ಈ ಸಲ ಏನನ್ನೂ ಕೊಳ್ಳಲಿಲ್ಲ, ಏನನ್ನೂ ಬಿಚ್ಚಲಿಲ್ಲ. ಮೇಜಿನ ಮೇಲೆ ಸರಿಯಿದ್ದದ್ದು ಪೆಟ್ಟಿಗೆಯೊಳಗೆ ಕೆಟ್ಟಿದೆ. ಹಾಗಾದರೆ ಪೆಟ್ಟಿಗೆಯೊಳಗೆ ಏನು ಬೇರೆಯಾಯಿತು? ಜಾಗ ಮಾಡಿಕೊಳ್ಳಲು ಸೌಂಡ್ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರನ್ನು ತಳದಿಂದ ಎತ್ತಿ ಟ್ಯೂಬಿನ ಕತ್ತಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೆ. ಚಿತ್ರ ಓಡುತ್ತಿರುವಾಗಲೇ ಅದರ ಪ್ಲಗ್ ಕಿತ್ತೆ. ನಡುಕ ನಿಂತಿತು. ನಮ್ಮ ಕರೆಂಟು 50 ಹರ್ಟ್ಸ್, ಆಟದ ಚಿತ್ರ ಸೆಕೆಂಡಿಗೆ 60ರ ಹತ್ತಿರ. ಟ್ರಾನ್ಸ್‌ಫಾರ್ಮರಿನ ಕಾಂತ ಕಿರಣವನ್ನು ಅಲ್ಲಾಡಿಸಿದರೆ ಎರಡರ ವ್ಯತ್ಯಾಸ, ಸೆಕೆಂಡಿಗೆ ಹತ್ತು ಸಲ, ಕಣ್ಣಿಗೆ ನಡುಕವಾಗಿ ಕಾಣುತ್ತೆ. 60 ಹರ್ಟ್ಸ್ ಕರೆಂಟಿರುವ ಅಮೆರಿಕದಲ್ಲಾದರೆ ಇದೇ ತೊಂದರೆ ಚಿತ್ರ ನಿಧಾನಕ್ಕೆ ಬಳುಕಿದ ಹಾಗೆ ಕಾಣುತ್ತೆ. ಅಲ್ಲಿಯವರು ಬರೆದ ವಿವರ ಓದಿಕೊಂಡು ಇಲ್ಲಿ ಹುಡುಕಿದರೆ ಹೊಂದೋದಿಲ್ಲ. ಟ್ರಾನ್ಸ್‌ಫಾರ್ಮರ್ ಮತ್ತೆ ತಳಕ್ಕೆ ಹೋಯಿತು.

ನೇರಳೆ ಕಲೆಗೆ ಕಾರಣ ಸ್ಪೀಕರ್. ವಾರವಿಡೀ ಅದನ್ನು ಟ್ಯೂಬಿನ ಎಡಗಡೆಗೆ ಒರಗಿಸಿಟ್ಟಿದ್ದೆ. ಅದರ ಅಯಸ್ಕಾಂತದ ಗುಣ ಟ್ಯೂಬಿನ ಒಳಗಿನ ಲೋಹದ ಜಾಲರಿಗೆ ಹಿಡಿದುಕೊಂಡಿತ್ತು. ಸ್ಪೀಕರ್ ತೆಗೆದರೂ ಕಲೆ ಹೋಗಲಿಲ್ಲ. ಇಂಥ ಕಲೆ ತೆಗೆಯೋಕೆ ಅಂತಲೇ ಟ್ಯೂಬಿನ ಸುತ್ತ ಡೀಗಾಸ್ ಕಾಯಿಲ್ ಇರುತ್ತೆ, ಆನ್ ಮಾಡಿದಾಗ ‘ಡುಂಯ್’ ಅನ್ನುತ್ತೆ. ಆಗ ನೆನಪಾಯಿತು, ಆ ಸದ್ದು ಕೇಳಿ ಹತ್ತು ದಿನ ಆಗಿದೆ. ನೋಡಿದರೆ ಅದರ ಎರಡು ಪಿನ್ನಿನ ಪ್ಲಗ್ ಬೋರ್ಡಿನ ಪಕ್ಕ ನೇತಾಡುತ್ತಿತ್ತು. 16ನೇ ತಾರೀಕು ನಾನೇ ತೆಗೆದದ್ದು. ಸಿಕ್ಕಿಸಿ ಆನ್ ಮಾಡಿದೆ. ಕಲೆ ಅರ್ಧ ಹೋಯಿತು. ಕಾಯಿಲ್‌ಗೆ ಕರೆಂಟ್ ಕೊಡುವ ಥರ್ಮಿಸ್ಟರ್ (ಬಿಸಿಯಾದರೆ ಕರೆಂಟ್ ತಡೆಯುವ ಬಿಡಿಭಾಗ) ಆರಿದ ಮೇಲೇ ಮತ್ತೆ ಕೆಲಸ ಮಾಡೋದು. ಹಾಗಾಗಿ ಅರ್ಧರ್ಧ ಗಂಟೆ ಬಿಟ್ಟು ಮೂರು ಸಲ ಮಾಡಿದೆ. ಪೂರ್ತಿ ಹೋಯಿತು.

ಫೆಬ್ರವರಿ 2, ಭಾನುವಾರ

ಅಳತೆ ಸರಿಮಾಡುವ ಕೆಲಸ. 21 ಇಂಚು ಅಂತ ಕರೆದರೂ ಈ ಟ್ಯೂಬಿನಲ್ಲಿ ಕಾಣುವುದು ಮೂಲೆಯಿಂದ ಮೂಲೆಗೆ 51 ಸೆಂಟಿಮೀಟರ್. ಅಗಲ 40, ಎತ್ತರ 30ರ ಹತ್ತಿರ. ಗೇಮ್ ಬೋರ್ಡಿನ ಟೆಸ್ಟ್ ಮೆನುವಿನಲ್ಲಿ ಚೌಕ ಚೌಕದ ಪ್ಯಾಟರ್ನ್ ಇದೆ. ಅದನ್ನು ಹಾಕಿ, ಟೈಲರ್ ಟೇಪು ಹಿಡಿದು, ಚೌಕದ ಅಗಲ ಎತ್ತರ ಒಂದೇ ಆಗುವ ತನಕ ಹೈಟ್ ಮತ್ತು ಸೆಂಟರ್ ಹೊಂದಿಸಿದೆ. ಕೆಪಾಸಿಟರ್ ಹೊಸದಾದ್ದರಿಂದ ಎತ್ತರ ಮೊದಲಿಗಿಂತ ಒಂದೂವರೆ ಸೆಂಟಿಮೀಟರ್ ಜಾಸ್ತಿ ಆಗಿತ್ತು, ಅಷ್ಟು ಇಳಿಸಬೇಕಾಯಿತು. ಎಷ್ಟೋ ದಿನದಿಂದ ನಿಧಾನಕ್ಕೆ ಕುಗ್ಗುತ್ತಾ ಬಂದದ್ದಕ್ಕೆ ಯಾರೋ ಹೈಟ್ ಏರಿಸುತ್ತಾ ಬಂದಿದ್ದರು ಅಂತ ಕಾಣುತ್ತೆ. ಸ್ಕ್ರೀನ್ ತಿರುಪನ್ನು ಮಾರ್ಕರ್ ಗುರುತಿಗೆ ತಂದೆ. ಕಪ್ಪು ಸ್ವಲ್ಪ ಬೂದು ಕಾಣಿಸಿತು. ಒಂದು ಕೂದಲೆಳೆ ಇಳಿಸಿದೆ.

ಬಲಗಡೆ ಅಂಚು ಇನ್ನೂ ಸ್ವಲ್ಪ ಒಳಕ್ಕೆ ಬಾಗಿದೆ. ಈ ಕಿಟ್‌ನಲ್ಲಿ ಅದನ್ನು ತಿದ್ದುವ ಸರ್ಕ್ಯೂಟೇ ಇಲ್ಲ. ಹಾಗೇ ಬಿಟ್ಟಿದ್ದೇನೆ.

ಖರ್ಚಿನ ಲೆಕ್ಕ: ನಕಲಿ ಐಸಿ 45, ಅಸಲಿ ಐಸಿ 120, ತಾಮ್ರದ ಜಾಳಿಗೆ 60, ಪೇಸ್ಟ್ 40, ಐದು ಕೆಪಾಸಿಟರ್ 42, ಥಿನ್ನರ್ 35. ಒಟ್ಟು 342 ರೂಪಾಯಿ. ಚಿತ್ರವನ್ನು ನಿಜವಾಗಿ ಸರಿಮಾಡಿದ್ದು ಮಾವನ ಡಬ್ಬದ ಒಂದು ಕೆಪಾಸಿಟರ್, ಐದನೇ ಕಾಲಿನ ಒಂದು ತೊಟ್ಟು ಸೀಸ. ಅವರು ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಎಸ್.ಪಿ. ರಸ್ತೆಯಲ್ಲಿ ಅಂಥ ಕೆಪಾಸಿಟರ್‌ಗೆ 6 ರೂಪಾಯಿ.

ಫೆಬ್ರವರಿ 9, ಭಾನುವಾರ

ಒಂದು ವಾರ ದಿನಾ ಎರಡು ಗಂಟೆ ಓಡಿಸಿದೆ. ಮಡಿಕೆ ಇಲ್ಲ, ನಡುಕ ಇಲ್ಲ. 5 ವೋಲ್ಟ್ ಸರಿಮಾಡಿದ್ದರಿಂದ ಇನ್ನೊಂದು ಉಪಕಾರವೂ ಆಗಿದೆ. ಇಬ್ಬರು ಒಟ್ಟಿಗೆ ಆಡುವಾಗ ಬೋರ್ಡ್ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತಿತ್ತು, ಅದು ನಿಂತಿದೆ.

ಉಳಿದಿರುವುದು ಒಂದು. ಆಟ ಶುರುವಾಗುವಾಗ ಪರದೆ ಒಂದು ಕ್ಷಣ ಪೂರ್ತಿ ಬೆಳ್ಳಗಾಗುತ್ತೆ. ಆಗ ನಡುವೆ ಎಡದಿಂದ ಬಲಕ್ಕೆ ಕಂದು ಬಣ್ಣದ ತೆಳ್ಳನೆ ಗೆರೆ ಕಾಣುತ್ತೆ. ಸಂಕ್ರಾಂತಿಯ ಸಂಜೆ ನಾನು ಆಫ್ ಮಾಡದೆ ಕಳೆದ ಐದಾರು ನಿಮಿಷದ ಗುರುತು ಅದು. ಯಾವ ಕೆಪಾಸಿಟರ್ ಹಾಕಿದರೂ ಹೋಗೋದಿಲ್ಲ. ಮಗಳು ಮೊದಲ ದಿನವೇ ಅದನ್ನು ಕಂಡುಹಿಡಿದು ‘ಇದೇನಪ್ಪಾ’ ಅಂತ ಬೆರಳಿಟ್ಟು ಕೇಳಿದಳು. ಹೇಳಿದೆ.

ಮಾವನ ಮನೆಯ ಅಟ್ಟದಲ್ಲಿ 21 ಇಂಚಿನ ಒಂದು ಹಳೆ ಟಿವಿ ಇದೆಯಂತೆ, ಟ್ಯೂಬ್ ಚೆನ್ನಾಗಿದೆಯಂತೆ. ಯೋಕ್ ಅಳೆದು ನೋಡಬೇಕು. ವರ್ಟಿಕಲ್ 12 ಓಮ್, ಹಾರಿಜಾಂಟಲ್ 2.3 ಓಮ್ ಹತ್ತಿರ ಬರಬೇಕು. ಬರುವ ಶನಿವಾರ ವಿಜಯನಗರಕ್ಕೆ ಹೋಗ್ತಿದ್ದೇನೆ, ಮೀಟರ್ ಬ್ಯಾಗಿನಲ್ಲಿ ಹಾಕಿಟ್ಟಾಯಿತು.